ನೆತ್ತರು ಕುಡಿಯುವವಳಿಗೆ ನಾವಿಬ್ಬರು ಕೊಟ್ಟ ದನಿ

ಹುಮನಾಬಾದಿನಲ್ಲಿ ನನ್ನ ಮುಖದ ಗುರುತು ಇರುವವರಿಗಿಂತ ದನಿಯ ಗುರುತು ಇರುವವರೇ ಹೆಚ್ಚು. ಸೀರೆಯ ರಿಯಾಯಿತಿ ಮಾರಾಟ, ಹೊಸ ದವಾಖಾನೆ, ಪೋಲಿಯೊ ಹನಿ, ತಪ್ಪಿಸಿಕೊಂಡ ಎಮ್ಮೆ, ಏನೇ ಇರಲಿ, ಆಟೋದ ತಲೆಗೆ ಕಟ್ಟಿದ ಭೋಂಗಾದಲ್ಲಿ ಕೇಳುವುದು ನನ್ನ ದನಿ. ನಮ್ಮ ಮನೆಯವರದು ಮೈಕ್‌ಸೆಟ್ಟಿನ ಅಂಗಡಿ. ಮದುವೆಯಾದ ಹೊಸತರಲ್ಲಿ ಒಮ್ಮೆ, ಅನೌನ್ಸ್ ಮಾಡಬೇಕಾದವನು ಗಂಟಲು ಕಟ್ಟಿದೆಯೆಂದು ಬರಲಿಲ್ಲ. ಇವರು ಚೀಟಿಯನ್ನು ನನ್ನ ಕೈಗಿತ್ತು "ನೀನ ಓದಿಬಿಡು" ಎಂದರು. ಓದಿದೆ. ಅಂದಿನಿಂದ ಓದುತ್ತಲೇ ಇದ್ದೇನೆ. ದುಬಲಗುಂಡಿಯ ಸಂತೆಯಲ್ಲಿ ಮೆಣಸಿನಕಾಯಿಗೆ ಚೌಕಾಸಿ ಮಾಡುತ್ತಿದ್ದಾಗ ಮಾರುವವಳು ತಲೆಯೆತ್ತಿ, "ಆಟೋದಾಗ ಮಾತಾಡೋರು ನೀವ ಅಲ್ಲೇನ್ರಿ?" ಎಂದು ಕೇಳಿದ್ದುಂಟು. ಹೌದು ಎಂದರೆ ಒಂದು ಹಿಡಿ ಹೆಚ್ಚು ಹಾಕಿದಳು.

ಹೀಗಾಗಿ ಅಕ್ಕನ ಮಗಳು ಬಸವಕಲ್ಯಾಣದಿಂದ ಲ್ಯಾಪ್‌ಟಾಪ್ ಹೊತ್ತು ಬಂದು, "ಚಿಗವ್ವ, ಒಂದ್ ಜಪಾನಿ ಸಿನೆಮಾ ಅದ. ಅದನ್ನ ನೀ ಮಂದಿ ಮುಂದ ಕುಂತು ಕನ್ನಡದಾಗ ಹೇಳ್ಬೇಕು" ಎಂದಾಗ ನನಗೇನೂ ಅಳುಕಾಗಲಿಲ್ಲ. ಎಷ್ಟು ಮಂದಿ ಬರುತ್ತಾರೆ, ಹಾಲ್ ಎಷ್ಟು ದೊಡ್ಡದು ಎಂದಷ್ಟೇ ಕೇಳಿದೆ.

ಈ ಹುಡುಗಿಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಒಂದನೆಯ ತರಗತಿಯಿಂದ ಹತ್ತನೆಯವರೆಗೆ ಅವಳು ನಮ್ಮ ಮನೆಯಲ್ಲಿ ಬೆಳೆದವಳು. ಅಕ್ಕನಿಗೆ ಎರಡನೆಯ ಹೆರಿಗೆಯಲ್ಲಿ ಅವಳಿ ಗಂಡುಮಕ್ಕಳಾದರು. ಇಬ್ಬರೂ ತಿಂಗಳು ತುಂಬುವ ಮೊದಲೇ ಹುಟ್ಟಿ, ವರ್ಷಗಟ್ಟಲೆ ದವಾಖಾನೆ ಕಂಡವರು. ಭಾವ ಲಾರಿಯ ಮೇಲೆ ಇರುತ್ತಿದ್ದರು. "ಸ್ವಲ್ಪ ದಿನ ನಿನ್ನ ಹತ್ರ ಇರಲಿ" ಎಂದು ಅಕ್ಕ ಬಿಟ್ಟುಹೋದಳು. ಆ ಸ್ವಲ್ಪ ದಿನ ಹಾಗೇ ಮುಂದುವರಿಯಿತು. ನಮಗೆ ಮಕ್ಕಳಿರಲಿಲ್ಲ, ಶಾಲೆ ಮನೆಯ ಹತ್ತಿರವೇ ಇತ್ತು, ಹುಡುಗಿ ನಗುತ್ತಾ ಇದ್ದಳು. ಕಾಲೇಜಿಗೆಂದು ತಾಯಿಯ ಮನೆಗೆ ವಾಪಸಾದಳು. ಈಗ ಬಿ.ಎ. ಕೊನೆಯ ವರ್ಷ. ಕೈಯಲ್ಲಿ ಪೆನ್ಸಿಲ್ ಸಿಕ್ಕರೆ ಚಿತ್ರ, ಇಲ್ಲದಿದ್ದರೆ ಮೊಬೈಲಿನಲ್ಲಿ ಜಪಾನಿನವರ ಚಿತ್ರ. ಕೈಯಿಂದ ಬರೆದ ಚಿತ್ರಗಳನ್ನೇ ಓಡಿಸಿ ಮಾಡುವ ಆ ಸಿನೆಮಾಗಳಿಗೆ ಅನಿಮೆ ಎನ್ನುತ್ತಾರಂತೆ. ನಮ್ಮ ಮನೆಯವರು ಒಮ್ಮೆ ಇಣುಕಿ ನೋಡಿ "ಕಾರ್ಟೂನ್ ಅಲ್ಲೇನು?" ಎಂದದ್ದಕ್ಕೆ ಅವಳು ಅರ್ಧ ದಿನ ಅವರೊಡನೆ ಮಾತು ಬಿಟ್ಟಿದ್ದಳು.

ಬಸವಕಲ್ಯಾಣದಲ್ಲಿ ಅವಳೂ ಅವಳ ಗೆಳತಿಯರೂ ಭಾನುವಾರ ಮಧ್ಯಾಹ್ನ ಓಣಿಯ ಸಮುದಾಯ ಭವನದಲ್ಲಿ ಸಿನೆಮಾ ತೋರಿಸಲು ಶುರು ಮಾಡಿದ್ದರು. ಮೊದಲ ಸಲ ಬಂದವರೆಲ್ಲ ಅರ್ಧಕ್ಕೇ ಎದ್ದುಹೋಗಿದ್ದರು. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದುವಷ್ಟರಲ್ಲಿ ಮೇಲಿನ ಚಿತ್ರ ಹೋಗಿರುತ್ತಿತ್ತು. ಈ ಸಲದ ಸಿನೆಮಾ ಹಿಂದಿಯಲ್ಲೂ ಸಿಗುತ್ತಿರಲಿಲ್ಲ. ಅದಕ್ಕೇ ನಾನು.

ಶನಿವಾರ ಮಧ್ಯಾಹ್ನ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ, ಸ್ಪೀಕರ್ ಡಬ್ಬಗಳ ನಡುವೆ ಕೂತು ಅದನ್ನು ಮೊದಲ ಸಲ ನೋಡಿದೆವು. ನೆತ್ತರು ಕುಡಿದು ಬದುಕುವವರನ್ನು ಬೇಟೆಯಾಡುವ ಒಬ್ಬ ಹೆಣ್ಣುಮಗಳ ಕಥೆ. ಹಿಮದ ಸೀಮೆ. ಬೆಟ್ಟದ ಮೇಲೊಂದು ಕೋಟೆ, ಕೆಳಗೊಂದು ಊರು, ನಡುವೆ ಹೊಳೆ. ನೆತ್ತರು ಕುಡಿಯುವವರು ಹರಿಯುವ ನೀರನ್ನು ದಾಟಲಾರರಂತೆ. ಆದರೂ ಹೊತ್ತು ಮುಳುಗಿದರೆ ಊರಿನವರೆಲ್ಲ ಬಾಗಿಲು ಜಡಿದುಕೊಳ್ಳುತ್ತಾರೆ. ಬೇಟೆಗಾರ್ತಿ ಕುಂಟುವ ಕುದುರೆಯ ಮೇಲೆ, ಬೆನ್ನಿಗೆ ದಬ್ಬಣದಂಥ ಉದ್ದನೆಯ ಕಬ್ಬಿಣ ಕಟ್ಟಿಕೊಂಡು ಆ ಊರಿಗೆ ಬರುತ್ತಾಳೆ. ಅವಳು ಬಾಯಿ ಬಿಡುವುದೇ ಎಷ್ಟೋ ಹೊತ್ತಿನ ಮೇಲೆ. ಅಲ್ಲಿಯವರೆಗೆ ಕುದುರೆಯ ಉಸಿರಿನ ಹಬೆ, ಕಾಲ ಕೆಳಗೆ ಹಿಮ ಕುಸಿಯುವ ಸದ್ದು, ಒಂದೊಂದೇ ಆರುವ ದೀಪ. ಸ್ಪೀಕರ್ ರಿಪೇರಿ ಮಾಡುತ್ತ ಕೂತಿದ್ದ ನಮ್ಮ ಮನೆಯವರು ಕೈಯ ಕೆಲಸ ನಿಲ್ಲಿಸಿ, "ಈ ಆವಾಜ್ ಕೂಡಿಸಿದಾವ ಉಸ್ತಾದ ಇದ್ದಾನ ನೋಡು. ಹೆಜ್ಜಿ ದೂರ ಹೋದಂಗ ಸಣ್ಣ ಆಗ್ತದ, ಖರೆ ನಿಂತು ಹೋಗಂಗಿಲ್ಲ" ಎಂದರು. ಕಾರ್ಟೂನ್ ಎಂಬ ಮಾತು ಆಮೇಲೆ ಅವರ ಬಾಯಿಂದ ಬರಲಿಲ್ಲ.

ಕೋಟೆಯೊಳಗಿನ ಒಂದು ದೃಶ್ಯವನ್ನಂತೂ ನಾನು ಮರೆಯಲಾರೆ. ನೆತ್ತರು ಕುಡಿಯುವ ಆ ದೊಡ್ಡ ಹೆಂಗಸು, ಕೂದಲು ಬೆಳ್ಳಗಾದವಳು, ಸಂಜೆ ಎದ್ದು ಒಂದು ಉದ್ದನೆಯ ಮೇಜಿನ ಮೇಲೆ ತಟ್ಟೆಗಳನ್ನು ಇಡುತ್ತಾಳೆ. ಚಮಚ ಇಡುತ್ತಾಳೆ. ಬಟ್ಟೆ ಮಡಚಿ ಇಡುತ್ತಾಳೆ. ಯಾರೂ ಬರುವುದಿಲ್ಲ. ಅವಳು ಅನ್ನ ತಿನ್ನುವವಳೂ ಅಲ್ಲ. ಸ್ವಲ್ಪ ಹೊತ್ತು ನಿಂತು, ಯಾರೂ ಮುಟ್ಟದ ತಟ್ಟೆಗಳನ್ನೆಲ್ಲ ಮತ್ತೆ ಎತ್ತಿಡುತ್ತಾಳೆ. ಒಂದು ಮಾತಿಲ್ಲ, ಸಂಗೀತವೂ ಇಲ್ಲ. ಆ ದೃಶ್ಯ ಮುಗಿದಾಗ ನಾನು ಹುಡುಗಿಗೆ, "ಇದನ್ನ ಮಾಡಿದವರಿಗೆ ಮನಷ್ಯಾರು ಗೊತ್ತಿದ್ದಾರ" ಎಂದೆ. ಅವಳಿಗೆ ತನ್ನನ್ನೇ ಯಾರೋ ಹೊಗಳಿದಷ್ಟು ಖುಷಿಯಾಯಿತು.

ಆದರೆ ಅರ್ಧ ದಾಟಿದ ಮೇಲೆ ಸಿನೆಮಾಕ್ಕೆ ತನ್ನ ಮೇಲೆಯೇ ನಂಬಿಕೆ ಹೋದಂತಾಯಿತು. ಇನ್ನೂ ಐದು ಜನ ಬೇಟೆಗಾರರು ಬಂದರು. ಒಬ್ಬೊಬ್ಬರಿಗೂ ಒಂದೊಂದು ಆಯುಧ, ಒಂದೊಂದು ದುಃಖದ ಕಥೆ. ಕಥೆ ಹೇಳಿ ಮುಗಿಸಿದವರು ಮುಂದಿನ ಗಳಿಗೆಯಲ್ಲಿ ಸಾಯುತ್ತಾರೆ. ಮೊದಲರ್ಧದಲ್ಲಿ ನೆತ್ತರು ಹಿಮದ ಮೇಲೆ ಕಪ್ಪಗೆ, ಮಸಿ ಚೆಲ್ಲಿದಂತೆ ಕಂಡು ಎದೆ ಝಲ್ಲೆನ್ನುತ್ತಿತ್ತು. ಎರಡನೆಯ ಅರ್ಧದಲ್ಲಿ ಅದು ಶರಬತ್ತಿನ ಬಣ್ಣಕ್ಕೆ ತಿರುಗಿ, ಪುಟಿದು ಪುಟಿದು ಹಾರತೊಡಗಿತು. ಕೊನೆಗೆ, ಕೋಟೆಯ ಹೆಂಗಸು ಬೇಟೆಗಾರ್ತಿಯ ಹೆತ್ತ ತಾಯಿ ಎಂದು ತಿಳಿಯುತ್ತದೆ. ತಾಯಿ ಮಾತಾಡುತ್ತಾಳೆ. ಎಷ್ಟು ಮಾತು ಅಂದರೆ, ಅಂಗಡಿಗೆ ಗಿರಾಕಿ ಬಂದು ಮೈಕಿನ ವೈರು ಕೊಂಡುಹೋದ ಮೇಲೂ ಅವಳು ಮಾತಾಡುತ್ತಲೇ ಇದ್ದಳು. ನಂತರ ಸೂರ್ಯ ಹುಟ್ಟುತ್ತಾನೆ, ತಾಯಿ ತಾನಾಗಿ ಬಿಸಿಲಿಗೆ ನಡೆದು ಬೂದಿಯಾಗುತ್ತಾಳೆ, ಕೋಟೆ ಕುಸಿಯುತ್ತದೆ. ಕಲ್ಲು ಬೀಳುವುದನ್ನು ಪುರಸೊತ್ತಾಗಿ ತೋರಿಸಿದರು. ಮಗಳ ಮುಖವನ್ನು ಕಣ್ಣು ಮಿಟುಕಿಸುವಷ್ಟು ತೋರಿಸಿ ಮುಗಿಸಿಬಿಟ್ಟರು.

"ಹ್ಯಾಂಗ ಅದ?" ಎಂದು ಹುಡುಗಿ ಕೇಳಿದಳು.

"ಅರ್ಧ ಬಂಗಾರ, ಅರ್ಧ ಗದ್ದಲ" ಎಂದೆ. "ಆ ಐದ್ ಮಂದಿ ಬ್ಯಾಡೇ ಬ್ಯಾಡ. ಮತ್ತ ಆಕಿ ಅವ್ವ ಇಷ್ಟ್ಯಾಕ ಮಾತಾಡ್ತಾಳ? ತಾಟು ಇಟ್ಟಾಗಲೇ ತಿಳೀತಲ್ಲ ಎಲ್ಲ."

"ಐದ್ ಮಂದೀದು ನೀ ಹೇಳಿದ್ದು ಖರೆ ಇರಬಹುದು" ಎಂದಳು. "ಖರೆ ಅವ್ವನ ಮಾತು ಬೇಕು." ಯಾಕೆ ಎಂದು ನಾನು ಕೇಳಲಿಲ್ಲ. ಇಷ್ಟದ ಸಿನೆಮಾವನ್ನು ಬಿಟ್ಟುಕೊಡದ ವಯಸ್ಸು ಎಂದುಕೊಂಡೆ.

ಮುಂದಿನ ಕೆಲವು ಶನಿವಾರ ನಮ್ಮ ತಾಲೀಮು ನಡೆಯಿತು. ಅವಳು ಇಂಗ್ಲಿಷ್ ಸಾಲು ಓದಿ ಅರ್ಥ ಹೇಳುವಳು, ನಾನು ಅದನ್ನು ಬಾಯಿಗೆ ಕೂರುವ ಹಾಗೆ ಮಾಡುವೆನು. ಹೆಚ್ಚು ಕಷ್ಟವಾದದ್ದು ಆ ಹೆಂಗಸನ್ನು ಏನೆಂದು ಕರೆಯುವುದು ಎಂಬುದು. ರಕ್ತಪಿಶಾಚಿ ಎಂದರೆ ಮಂದಿ ಉಲ್ಟಾ ಪಾದ, ಬಿಳಿ ಸೀರೆ, ಹುಣಸೆಮರ ನೆನೆಸಿಕೊಳ್ಳುತ್ತಾರೆ. ಇವಳು ಹಾಗಲ್ಲ, ಗತ್ತಿನವಳು. ಹೆಂಗಸರು ಗೋಷೆಯಲ್ಲಿ, ಪರದೆಯ ಹಿಂದೆ, ಇರುವ ದೊಡ್ಡ ಮನೆತನದ ಯಜಮಾನಿಯಂತೆ ಬೆನ್ನು ನೆಟ್ಟಗೆ ಮಾಡಿ ಕೂರುವವಳು. ಅಂಥ ಯಜಮಾನಿಯನ್ನು ನಮ್ಮ ಕಡೆ ಕರೆಯುವ ಹಾಗೆ ನಾನು 'ಕೋಟೆಯ ಬಾಯಿಸಾಬ' ಎಂದಿಟ್ಟೆ. ಹುಡುಗಿ ಮೊದಲು ನಕ್ಕಳು, ಆಮೇಲೆ ಚಿತ್ರ ಹಚ್ಚಿ ನೋಡಿ, "ಬರೋಬ್ಬರಿ ಕುಂತದ" ಎಂದಳು.

ತೋರಿಸುವ ಭಾನುವಾರ ಬಸವಕಲ್ಯಾಣದ ಭವನ ತುಂಬಿತ್ತು. ಕಾಲೇಜಿನವರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಮುಂದೆ ಜಮಖಾನೆಯ ಮೇಲೆ ಓಣಿಯ ಹೆಂಗಸರು, ಕೈಯಲ್ಲಿ ಚುರುಮುರಿ. ಪಕ್ಕದ ಮನೆಯ ಮುದುಕಿಯೊಬ್ಬಳು, ನಾರಾಯಣಪುರದಿಂದ ಮಗಳ ಮನೆಗೆ ಬಂದವಳು, ಪರದೆಗೆ ಎಲ್ಲರಿಗಿಂತ ಹತ್ತಿರ ಕುರ್ಚಿ ಹಾಕಿಸಿಕೊಂಡಿದ್ದಳು. ಅಕ್ಕ ಬಾಗಿಲ ಬಳಿ ಕೂತಿದ್ದಳು, ಬೇಕಾದರೆ ಎದ್ದುಹೋಗಲು ಅನುಕೂಲವಾಗುವಂತೆ. ಮಗಳು ನೋಡುವ 'ಭೂತದ ಚಿತ್ರ'ಗಳ ಮೇಲೆ ಅವಳಿಗೆ ಅಂಥ ಒಲವೇನೂ ಇರಲಿಲ್ಲ. ನಮ್ಮ ಮನೆಯವರು ಎರಡು ಮೈಕು ಇಟ್ಟಿದ್ದರು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು.

ನಾನು ಹೆಚ್ಚು ಮಾತಾಡುವ ಅಗತ್ಯವೇ ಇಲ್ಲದೆ ಮೊದಲರ್ಧ ತನ್ನಷ್ಟಕ್ಕೆ ನಡೆಯಿತು. ಬೆಟ್ಟದ ಕೋಟೆ ಬಂದಾಗ ಯಾರೋ "ಥೇಟ್ ನಮ್ಮ ಕ್ವಾಟಿ" ಎಂದರು. ಅದು ಸುಳ್ಳು. ಬಸವಕಲ್ಯಾಣದ ಕೋಟೆ ಕಪ್ಪು ಕಲ್ಲಿನದು, ಬಿಸಿಲಲ್ಲಿ ನಿಂತದ್ದು, ಪರದೆಯ ಮೇಲಿನದು ಹಿಮದಲ್ಲಿ ಮಸುಕಾದದ್ದು. ಆದರೂ ಆ ಮಾತಿನಿಂದ ಆ ಹಿಮದ ಊರು ಎಲ್ಲರಿಗೂ ಹತ್ತಿರವಾಯಿತು. ಬಾಯಿಸಾಬ ತಟ್ಟೆ ಇಡುವ ದೃಶ್ಯದಲ್ಲಿ ನಾನು ಮೈಕನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂತೆ. ಭವನದಲ್ಲಿ ಚುರುಮುರಿಯ ಸದ್ದೂ ನಿಂತಿತು. ನಾರಾಯಣಪುರದ ಮುದುಕಿ ತನ್ನಷ್ಟಕ್ಕೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಯಾರಿಗ ಕಾಯಾಕತ್ತಾಳ ಆಕಿ?" ಎಂದಳು. ಜಪಾನಿನಲ್ಲಿ ಯಾರೋ ಕೂತು ಬರೆದ ಚಿತ್ರ ಬಸವಕಲ್ಯಾಣದ ಒಂದು ಜಮಖಾನೆಯ ಮೇಲೆ ಇಷ್ಟು ಮೌನ ತರಬಲ್ಲದು ಎಂದರೆ, ಅದರ ಕಸುಬಿಗೆ ಬೇರೆ ಸರ್ಟಿಫಿಕೇಟು ಬೇಕಿಲ್ಲ.

ಐದು ಜನ ಬಂದರು ನೋಡಿ, ಎಲ್ಲ ಸಡಿಲವಾಯಿತು. ಮೊದಲನೆಯವನ ಕಥೆಗೆ ಕಿವಿ ಕೊಟ್ಟರು. ಎರಡನೆಯವಳು ತೋಳು, ಹೊಟ್ಟೆ ಎಲ್ಲ ಕಾಣುವ ಚರ್ಮದ ಉಡುಪಿನಲ್ಲಿ ಹಿಮದ ಮೇಲೆ ನಿಂತಾಗ ಬಾಗಿಲ ಬಳಿಯಿಂದ ಅಕ್ಕನ ದನಿ ಬಂತು: "ಇಷ್ಟ್ ಥಂಡ್ಯಾಗ ಈ ಹುಡುಗಿಗೆ ಮೈತುಂಬ ಅರಬಿ ಕೊಡಾಕ ಏನಾಗಿತ್ತು ಇವರಿಗ?" ಹೆಂಗಸರೆಲ್ಲ ನಕ್ಕರು. ನಿಜ ಹೇಳಬೇಕೆಂದರೆ ಅದಕ್ಕಿಂತ ಒಳ್ಳೆಯ ಟೀಕೆಯನ್ನು ನಾನೂ ಮಾಡಲಾರೆ. ಮೊದಲರ್ಧದಲ್ಲಿ ಚಳಿ ನಮ್ಮ ಮೈಗೇ ತಾಗುವ ಹಾಗೆ ಬರೆದವರು ಇಲ್ಲಿ ಚಳಿಯನ್ನೇ ಮರೆತಿದ್ದರು. ಮೂರನೆಯವನ ಹೊತ್ತಿಗೆ ಹಿಂದಿನಿಂದ ಒಬ್ಬರು "ಇವರೆಲ್ಲ ಯಾರ್ರಿ?" ಎಂದು ಕೇಳಿದರು. ನಾನು ಮೈಕಿನಲ್ಲೇ, "ಸಾಯಾಕ ಬಂದೋರ್ರಿ, ಹೆಸರು ನೆನಪಿಡಬ್ಯಾಡ್ರಿ" ಎಂದೆ. ಭವನ ಮತ್ತೆ ನನ್ನ ಕೈಗೆ ಬಂತು. ಉಳಿದವರ ಕಥೆಯನ್ನು ನಾನು ಒಂದೊಂದು ವಾಕ್ಯದಲ್ಲಿ ಮುಗಿಸಿದೆ. ಲ್ಯಾಪ್‌ಟಾಪಿನ ಹಿಂದೆ ಕೂತಿದ್ದ ಹುಡುಗಿ ಒಮ್ಮೆ ನನ್ನನ್ನು ನೋಡಿದಳು.

ಅಷ್ಟರಲ್ಲಿ ಬಾಯಿಸಾಬ ಹೊಳೆ ದಾಟಿ ಊರಿಗೆ ಬಂದಳು. ನಾರಾಯಣಪುರದ ಮುದುಕಿ ತಿರುಗಿ ನನಗೇ ಕೇಳಿದಳು: "ಹರಿಯೋ ನೀರು ದಾಟಾಂಗಿಲ್ಲ ಅಂತ ನೀವ ಹೇಳಿದ್ರಿ. ಈಗ ಹ್ಯಾಂಗ ದಾಟಿದಳು?"

ಸಿನೆಮಾದವರ ತಪ್ಪು ಎಂದು ಹೇಳಲು ಬಾಯಿ ತೆರೆದೆ. ಹುಡುಗಿ ಕೂತಲ್ಲಿಂದಲೇ, "ಹೊಳಿ ಹೆಪ್ಪುಗಟ್ಟ್ಯದ, ಆಯಿ. ಹರಿಯಾಕತ್ತಿಲ್ಲ" ಎಂದಳು. ಎಲ್ಲರೂ ಪರದೆ ನೋಡಿದರು. ಹೌದು, ನೀರು ಕಲ್ಲಾಗಿತ್ತು. ಅಷ್ಟು ಸಲ ನೋಡಿಯೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಮುದುಕಿ ಒಪ್ಪಿ ತಲೆಯಾಡಿಸಿದಳು.

ಆಮೇಲೆ ಆ ಮಾತು ಬಂತು. ಬೇಟೆಗಾರ್ತಿಯ ಕಬ್ಬಿಣ ತಾಯಿಯ ಎದೆಗೆ ತಾಗಿದೆ, ತಾಯಿ ಮಾತಾಡಲು ಶುರು ಮಾಡಿದ್ದಾಳೆ. ಮಂದಿ ಆಗಲೇ ದಣಿದಿದ್ದರು. ಒಬ್ಬಳು ಮಗುವನ್ನು ಎತ್ತಿಕೊಂಡು ಎದ್ದಿದ್ದಳು. ನನಗೆ ಭವನದ ನಾಡಿ ಗೊತ್ತು, ಅದೇ ನನ್ನ ದಂಧೆ. "ನಾನ ನಿನ್ನ ಅವ್ವ, ನಿನ್ನ ಉಳಿಸಾಕ ನಿನ್ನ ಬಿಟ್ಟು ಹೋದೆ" ಎಂದು ಒಂದೇ ಸಾಲಿನಲ್ಲಿ ಹೇಳಿ ಮೈಕು ಕೆಳಗಿಟ್ಟೆ. ಪರದೆಯ ಮೇಲೆ ಅವಳು ಜಪಾನಿಯಲ್ಲಿ ಮಾತಾಡುತ್ತಲೇ ಇದ್ದಳು.

ಆಗ ಎರಡನೆಯ ಮೈಕು ಕರ್ ಎಂದಿತು. ಹುಡುಗಿ ಎತ್ತಿಕೊಂಡಿದ್ದಳು. ಅವಳು ನಾಲ್ಕು ಜನರ ಮುಂದೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ, ಶಾಲೆಯಲ್ಲಿ ಪದ್ಯ ಹೇಳು ಎಂದರೆ ಜ್ವರ ಬರಿಸಿಕೊಳ್ಳುತ್ತಿದ್ದಳು. ದನಿ ನಡುಗುತ್ತಿತ್ತು, ಸಾಲುಗಳು ಹಿಂದೆಮುಂದೆ ಆಗುತ್ತಿದ್ದವು. ಆದರೆ ಅವಳು ಒಂದನ್ನೂ ಬಿಡಲಿಲ್ಲ.

"ನಿನ್ನ ಆ ಮನಿ ಬಾಗಲದಾಗ ಬಿಟ್ಟಾಗ ನೀ ಅಳಲಿಲ್ಲ. ನೀ ಅತ್ತಿದ್ರ ನಾ ತಿರುಗಿ ಬರ್ತಿದ್ದೆ. ಅವರು ನಿನಗ ಉಣ್ಣಾಕ ಕೊಟ್ಟರು, ಓದಸಿದರು, ನನಗ ಗೊತ್ತದ. ನಾ ದೂರದಿಂದ ನೋಡಾಕತ್ತಿದ್ದೆ. ನೀ ನಗೋದು ನೋಡಿ, ನನ್ನ ಮರತಾಳ ಅಂತ ಅನಕೊಂಡೆ. ಮರತರ ಛಲೋ ಅಂತನೂ ಅನಕೊಂಡೆ. ಬಾ ಅಂತ ಕರೀಲಿಲ್ಲ ಅಂದ್ರ ಬ್ಯಾಡಾಗಿದ್ದಿ ಅಂತಲ್ಲ."

ಮಗುವನ್ನು ಎತ್ತಿಕೊಂಡು ಎದ್ದವಳು ನಿಂತಲ್ಲೇ ನಿಂತಿದ್ದಳು. ತಾಲೀಮಿನಲ್ಲಿ ಅಷ್ಟು ಸಲ ಕೇಳಿಯೂ ಹೊಳೆಯದ್ದು ಅವಳ ದನಿಯಲ್ಲಿ ಮೊದಲ ಸಾಲಿಗೇ ನನಗೆ ಅರ್ಥವಾಗಿತ್ತು. ನಮ್ಮ ಮನೆಯ ಬಾಗಿಲಲ್ಲಿ ಅಕ್ಕ ಅವಳನ್ನು ಬಿಟ್ಟುಹೋದ ದಿನ ಹುಡುಗಿ ಅಳಲಿಲ್ಲ. ಎಷ್ಟು ಗಟ್ಟಿ ಕೂಸು ಎಂದು ನಾವೆಲ್ಲ ಮೆಚ್ಚಿಕೊಂಡಿದ್ದೆವು. ನಾನು ಬಾಗಿಲ ಕಡೆ ತಿರುಗಿ ನೋಡಿದೆ. ಅಕ್ಕ ಎದ್ದುಹೋಗಿರಲಿಲ್ಲ. ಸೆರಗನ್ನು ಬಾಯಿಗೆ ಹಿಡಿದು ಪರದೆಯನ್ನೇ ನೋಡುತ್ತಿದ್ದಳು. ಮಗಳ ಕಡೆ ನೋಡಲಿಲ್ಲ.

ಸಿನೆಮಾ ಮುಗಿದು ಮಂದಿ ಚಪ್ಪಲಿ ಹುಡುಕುತ್ತಿದ್ದಾಗ ಹುಡುಗಿ ನನ್ನ ಹತ್ತಿರ ಬಂದಳು. "ಹೇಳಾಕಂತ ಕರದಿದ್ದೆ ಚಿಗವ್ವ, ಕತ್ತರಿಸಾಕಲ್ಲ" ಎಂದಳು.

"ಮಂದಿ ಏಳಾಕತ್ತಿದ್ದರು. ನಿನ್ನ ಸಿನೆಮಾ ಉಳಿಸಾಕ ಮಾಡಿದೆ."

"ಎದ್ದು ಹೋಗೋರು ಹೋಗ್ಲಿ. ಕೇಳೋರು ಕೇಳ್ತಿದ್ದರು."

ನಾನು ಸೋಲೊಪ್ಪಲಿಲ್ಲ. ಆ ಮಾತು ಉದ್ದವೇ, ಬರೆದವರು ಅರ್ಧಕ್ಕೆ ನಿಲ್ಲಿಸಬೇಕಿತ್ತು ಎಂದೆ. ಅವಳು ತಂತಿ ಸುತ್ತಲು ನಮ್ಮ ಮನೆಯವರ ಜೊತೆ ಭವನದ ಮಾಳಿಗೆಗೆ ಹೋದಳು.

ಅಕ್ಕನ ಮನೆ ಭವನಕ್ಕೆ ಅಂಟಿಕೊಂಡೇ ಇದೆ. ನಾವಿಬ್ಬರೂ ಅಡುಗೆಮನೆಯಲ್ಲಿ ಚಹಾದ ಕಪ್ಪುಗಳನ್ನು ತೊಳೆಯುತ್ತಿದ್ದೆವು. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಅಕ್ಕ ಬಹಳ ಹೊತ್ತು ಒಂದೇ ಕಪ್ಪನ್ನು ತೊಳೆದು, "ಕಡೀಕ ಆಕಿ ಹೇಳಿದ್ದು ಸಿನೆಮಾದಾಗಿಂದೇನು, ಇಲ್ಲ ತಾನ ಹಚ್ಚಿ ಹೇಳಿದಳ?" ಎಂದು ಕೇಳಿದಳು.

"ಸಿನೆಮಾದಾಗಿಂದೇ. ನಾನ ಬಿಟ್ಟಿದ್ದೆ."

"ನೀ ಯಾಕ ಬಿಟ್ಟಿ?"

"ಉದ್ದ ಆಗಿತ್ತು ಅಕ್ಕಾ. ಯಾವ ಅವ್ವ ಅಷ್ಟು ಮಾತಾಡ್ತಾಳ?"

ಅಕ್ಕ ಕಪ್ಪನ್ನು ಬೋರಲು ಹಾಕಿದಳು. "ನಾ ಒಂದೂ ಮಾತಾಡಿಲ್ಲ ನೋಡು" ಎಂದಳು. "ಆಕಿಗೆ ತಿಳದಿರ್ತದ ಅಂತ ಇದ್ದೆ. ಈ ಹುಡುಗ್ರು ಬದುಕಿ ಉಳಿದ ಮ್ಯಾಲ ಕರಕೊಂಡ್ ಬರ್ಬೇಕಂತ ಭಾಳ ಸಲ ಅನಕೊಂಡೆ. ನಿಮ್ಮ ಮನಿಗ ಬಂದಾಗೆಲ್ಲ ಆಕಿ ನಿನ್ನ ಸೆರಗು ಹಿಡದು ನಿಂತಿರ್ತಿದ್ದಳು. ಹ್ಯಾಂಗ ಕೇಳ್ಲಿ?"

ಅವಳು ನನ್ನನ್ನು ದೂರುತ್ತಿರಲಿಲ್ಲ, ನಾನೂ ಹಾಗೆ ತಿಳಿಯಲಿಲ್ಲ. ಅಕ್ಕ ಕೈ ಒರೆಸಿಕೊಂಡು ಭವನದ ಮಾಳಿಗೆಯ ಕಡೆ ಹೋದಳು. ಸ್ವಲ್ಪ ಹೊತ್ತಿಗೆ ನಮ್ಮ ಮನೆಯವರು ಅರ್ಧ ಸುತ್ತಿದ ವೈರನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ಬಂದರು. ಅವರು ಆ ಮನೆಯ ಅಡುಗೆಮನೆಗೆ ಬಂದದ್ದೇ ಅದು ಮೊದಲು.

"ಏನ್ರಿ, ಇಲ್ಲಿ?"

"ತಾಯಿ ಮಗಳು ಮಾತಾಡಾಕತ್ತಾರ. ನಾ ನಡುವ ಏನು ಮಾಡ್ಲಿ, ಇಳದು ಬಂದೆ" ಎಂದು ಅಲ್ಲೇ ಸ್ಟೂಲಿನ ಮೇಲೆ ಕೂತು ಉಳಿದ ವೈರನ್ನು ಸುತ್ತಿದರು.

ಅವರು ಮೇಲೆ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಕೇಳಿಲ್ಲ, ಕೇಳುವುದೂ ಇಲ್ಲ. ಇಬ್ಬರೂ ಕೆಳಗೆ ಬಂದಾಗ ಹುಡುಗಿಯ ಮೂಗು ಕೆಂಪಗಿತ್ತು. ಅಕ್ಕ ಕಡಲೆಹಿಟ್ಟು ಕಲಸಿ ಎಲ್ಲರಿಗೂ ಮಿರ್ಚಿ ಭಜಿ ಮಾಡಿದಳು. ಅವಳಿ ಹುಡುಗರು ಬಂದು ಮೆಣಸಿನಕಾಯಿ ಬಿಟ್ಟು ಬರಿಯ ಹಿಟ್ಟು ತಿಂದರು. ಸಂಜೆಯ ಬಸ್ಸಿಗೆ ನಾವು ಹುಮನಾಬಾದಿಗೆ ಮರಳಿದೆವು.

ಬಸ್ಸಿನಲ್ಲಿ ನಾನು ಯೋಚಿಸಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಅದರಲ್ಲಿ ನನಗೆ ಅನುಮಾನವಿಲ್ಲ. ಸಿನೆಮಾದ ಆ ಮಾತು ಸಿನೆಮಾವಾಗಿ ದುರ್ಬಲವೇ. ತಟ್ಟೆ ಇಟ್ಟು ಎತ್ತಿದವಳು ಅದನ್ನು ಬಾಯಿಬಿಟ್ಟು ಹೇಳಿದಾಗ ಮೊದಲಿನ ದೃಶ್ಯದ ತೂಕ ಇಳಿಯುತ್ತದೆ. ಅಂದು ಭವನವನ್ನು ಹಿಡಿದಿಟ್ಟದ್ದು ಅದರ ಬರವಣಿಗೆಯಲ್ಲ, ಮೈಕು ಹಿಡಿದ ಹುಡುಗಿ. ಬೇರೆ ಯಾರು ಓದಿದ್ದರೂ ಮಂದಿ ಎದ್ದುಹೋಗುತ್ತಿದ್ದರು. ಆದರೆ ನಾನು ಅದನ್ನು ಬೇಡದ ಮಾತು ಎಂದಿದ್ದೆ. ಅದು ತಪ್ಪು. ಉದ್ದವಾದದ್ದು ಬೇರೆ, ಬೇಡವಾದದ್ದು ಬೇರೆ. ಅಷ್ಟು ವರ್ಷ ಮೈಕಿನ ಮುಂದೆ ಕೂತವಳಿಗೆ ಈ ವ್ಯತ್ಯಾಸ ಒಬ್ಬ ಹುಡುಗಿಯಿಂದ ತಿಳಿಯಿತೆಂದು ನನಗೆ ಬೇಸರವಿಲ್ಲ.

ಸುದ್ದಿ ಹಬ್ಬಿ ಹುಮನಾಬಾದಿನಲ್ಲೂ ತೋರಿಸಿ ಎಂದು ಕೇಳಿದರು. ಈ ಸಲ ಇಬ್ಬರೂ ಮೊದಲೇ ಕೂತು ಹಂಚಿಕೊಂಡೆವು. ಕಥೆ, ಊರಿನವರು, ಬೇಟೆಗಾರ್ತಿ ನನ್ನ ಪಾಲಿಗೆ. ಕೋಟೆಯ ಬಾಯಿಸಾಬ ಅವಳ ಪಾಲಿಗೆ. ಐದು ಜನರ ವಿಷಯದಲ್ಲಿ ಅವಳೇ, "ಒಂದೊಂದು ಸಾಲು ಸಾಕು, ಸಿನೆಮಾದವರು ಅವರನ್ನ ತಂದಿದ್ದು ಅಂಗಡ್ಯಾಗ ಅವರ ಬೊಂಬಿ ಮಾರಾಕ ಅನಸ್ತದ" ಎಂದಳು. ಹೊಳೆ ಹೆಪ್ಪುಗಟ್ಟುವ ಜಾಗದಲ್ಲಿ ನಾನು ಒಂದು ಮಾತು ಸೇರಿಸಿದೆ, ಮುಂದೆ ಯಾರೂ ನನ್ನನ್ನು ಸಿಕ್ಕಿಸದಂತೆ.

ಹುಮನಾಬಾದಿನ ಮಂದಿ ಜಾಸ್ತಿ ಪ್ರಶ್ನೆಯವರು. ಅಕ್ಕ ಅವಳಿಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದಿದ್ದಳು, ಈ ಸಲ ಬಾಗಿಲ ಬಳಿ ಅಲ್ಲ, ಎರಡನೆಯ ಸಾಲಿನಲ್ಲಿ ಕೂತಳು. ಬಾಯಿಸಾಬಳ ಮಾತು ಬಂದಾಗ ಹುಡುಗಿ ಮೈಕು ಎತ್ತಿಕೊಂಡಳು. ದನಿ ನಡುಗಲಿಲ್ಲ. ಬಾಗಿಲಲ್ಲಿ ಬಿಟ್ಟದ್ದು ಹೇಳಿದಳು, ದೂರದಿಂದ ನೋಡಿದ್ದು ಹೇಳಿದಳು. "ಬಾ ಅಂತ ಕರೀಲಿಲ್ಲ ಅಂದ್ರ ಬ್ಯಾಡಾಗಿದ್ದಿ ಅಂತಲ್ಲ" ಎಂದು ಹೇಳಿ ಮೈಕನ್ನು ಆರಿಸಿ ಮೇಜಿನ ಮೇಲಿಟ್ಟಳು. ಮಾತು ಇನ್ನೂ ಎಷ್ಟೋ ಉಳಿದಿತ್ತು. ಆಚೆ ಬಸವಕಲ್ಯಾಣದಲ್ಲಿ ಒಂದಕ್ಷರ ಬಿಡದವಳು ಇವಳೇನಾ ಎಂದು ನಾನು ನೋಡಿದೆ. ಪರದೆಯ ಮೇಲೆ ತಾಯಿ ಜಪಾನಿಯಲ್ಲಿ ಮುಂದುವರಿಸಿದಳು. ಮಂದಿ ಆ ಮುಖವನ್ನೇ ನೋಡುತ್ತ ಕೂತರು. ಅರ್ಥವಾಗದ ಭಾಷೆಯಲ್ಲಿ ಆ ಉಳಿದ ಮಾತು ಮೊದಲಿಗಿಂತ ಚೆನ್ನಾಗಿ ಕೇಳಿಸಿತು.

ಮುಗಿದ ಮೇಲೆ ಒಬ್ಬ ಕಾಲೇಜು ಹುಡುಗ ಎದ್ದು ನಿಂತು, "ಒಟ್ಟ ಇದು ಛಲೋ ಸಿನೆಮಾನೋ ಅಲ್ಲೋ, ಅದು ಹೇಳ್ರಿ" ಎಂದ.

ನಾನು ಮೈಕು ತೆಗೆದುಕೊಂಡೆ. "ಹಿಮ ಛಲೋ ಅದ, ಸದ್ದು ಛಲೋ ಅದ. ಸುಮ್ಕಿದ್ದಲ್ಲೆಲ್ಲ ಇದರಂಥಾ ಸಿನೆಮಾ ನಾ ನೋಡಿಲ್ಲ. ಖರೆ ಇದನ್ನ ಮಾಡಿದವರಿಗೆ ತಮ್ಮ ಮ್ಯಾಲ ತಮಗ ನಂಬಿಕಿ ಕಡಿಮಿ. ಅರ್ಧದಾಗ ಹೆದರಿ ಗದ್ದಲ ಹಾಕ್ಯಾರ. ಕಡೀಕ ಕಲ್ಲು ಬೀಳೋದು ತೋರಿಸ್ಯಾರ, ಆ ಮಗಳ ಮುಖ ತೋರಿಸಿಲ್ಲ. ಅದು ದೊಡ್ಡ ತಪ್ಪು" ಎಂದೆ. ಹುಡುಗಿ ಕೈಯೊಡ್ಡಿ ಮೈಕು ಇಸಿದುಕೊಂಡು, "ಮಗಳ ಮುಖದ ಬಗ್ಗೆ ಚಿಗವ್ವ ಹೇಳಿದ್ದು ಖರೆ ಅದ. ಉಳದದ್ದಕ್ಕ ನಾ ಒಪ್ಪಂಗಿಲ್ಲ" ಎಂದಳು. ಮಂದಿ ನಕ್ಕರು. ಅವಳು ಹೊಳೆಯ ಚಿತ್ರ, ಮಸಿಯಂಥ ನೆತ್ತರು, ಕುದುರೆಯ ಕುಂಟು, ಒಂದೊಂದನ್ನೂ ಬಿಡಿಸಿ ಹೇಳುತ್ತ ನಿಂತಳು. ಅಕ್ಕ ಎರಡನೆಯ ಸಾಲಿನಲ್ಲಿ ಅವಳಿಗಳಿಗೆ ಸುಮ್ಮನಿರಿ ಎಂದು ಗದರುತ್ತ ಕೇಳಿಸಿಕೊಂಡಳು.

ವೈರು ಸುತ್ತುವಾಗ ನಾನು ಅವಳನ್ನು ಕೇಳಿದೆ: "ಬಾಯಿಸಾಬಳ ಮಾತು ನಡುವ ಯಾಕ ಬಿಟ್ಟಿ?"

"ನನಗ ಅಷ್ಟಕ್ಕ ಸಾಕಾಯ್ತು ಚಿಗವ್ವ" ಎಂದಳು, ಮತ್ತು ಪ್ಲಗ್ಗು ಕಿತ್ತು ನನ್ನ ಕೈಗೆ ಕೊಟ್ಟಳು.